ಊರಿಗೆ ಗೊತ್ತಿದ್ದ ಜಗಳ, ಊರು ದೂರುವ ಅಮಲು: ಹುಲಿಹೈದರ–ಗಂಗಾವತಿ ಸೀಮೆಯಲ್ಲಿ ಹಿಂಸೆಯ ಭಯ

1. ಪ್ರಸ್ತಾವನೆ

ಕೊಪ್ಪಳ ಜಿಲ್ಲೆ ಕನಕಗಿರಿ ತಾಲ್ಲೂಕಿನ ಹುಲಿಹೈದರದಲ್ಲಿ 2022ರ ಆಗಸ್ಟ್ 11ರಂದು ಎರಡು ಗುಂಪುಗಳು ಹೊಡೆದಾಡಿಕೊಂಡವು. ಇಬ್ಬರು ಸತ್ತರು. ಒಬ್ಬರು ವಾಲ್ಮೀಕಿ ನಾಯಕ ಸಮುದಾಯದವರು, ಇನ್ನೊಬ್ಬರು ಮುಸ್ಲಿಮರು. ಅಂತರ್ಧರ್ಮೀಯ ಪ್ರೇಮದ ವಿಷಯವಾಗಿ ಮೊದಲೇ ಬೇಸರವಿತ್ತು, ಮೊಹರಂ ಹೊತ್ತಿಗೆ ಅದು ಬಿಗಿಯಾಯಿತು ಎಂದು ಆಗಿನ ವರದಿಗಳು ಹೇಳಿದವು. ಆ ವರ್ಷ ಮೊಹರಂ ಮುಗಿದು ಎರಡೇ ದಿನವಾಗಿತ್ತು. ಘಟನೆಯ ನಂತರ ಗ್ರಾಮದಲ್ಲಿ 144ನೇ ಸೆಕ್ಷನ್ ಜಾರಿಯಾಯಿತು, ಪೊಲೀಸ್ ಬಂದೋಬಸ್ತ್ ಬಂತು.

ಇಂಥ ಘಟನೆಯಾದ ಮೇಲೆ ಈ ಸೀಮೆಯ ಊರುಗಳಲ್ಲಿ ಒಂದೇ ಬಗೆಯ ದೂರು ಕೇಳುತ್ತದೆ: ಹುಡುಗರು ಕೆಟ್ಟಿದ್ದಾರೆ, ಗಾಂಜಾ ಹೆಚ್ಚಾಗಿದೆ, ಕಿರಾಣಿ ಅಂಗಡಿಯಲ್ಲೂ ಎಣ್ಣೆ ಸಿಗುತ್ತದೆ, ಪೊಲೀಸರು ನೋಡಿಯೂ ನೋಡದಂತಿದ್ದಾರೆ. ಈ ದೂರು ಸುಳ್ಳಲ್ಲ. ಆದರೆ ದಾಖಲೆಗೆ ಬಂದ ದೊಡ್ಡ ಪ್ರಕರಣಗಳನ್ನು ಅದರ ಪಕ್ಕದಲ್ಲಿಟ್ಟರೆ ಎರಡೂ ಪೂರ್ತಿ ಹೊಂದುವುದಿಲ್ಲ. ಆ ಪ್ರಕರಣಗಳಲ್ಲಿ ಹೆಚ್ಚಿನವು ಊರಿಗೆ ಮೊದಲೇ ಗೊತ್ತಿದ್ದ ಜಗಳದಿಂದ ಬೆಳೆದವು, ಅಮಲು ಇದ್ದರೂ ಅದು ಆ ಜಗಳದ ಜೊತೆಗಾರ ಮಾತ್ರ. ಹೀಗಿರುವಾಗ ಅಮಲೇ ಮೊದಲ ದೂರಾಗುವುದಕ್ಕೆ ಒಂದು ಸಾಮಾಜಿಕ ಕಾರಣವಿದೆ ಎಂಬುದು ಈ ಲೇಖನದ ವಾದ. ಗಾಂಜಾವನ್ನು ಬೈದರೆ ಯಾರ ಮನೆಯ ಬಾಗಿಲೂ ಮುಚ್ಚುವುದಿಲ್ಲ. ಜಾತಿಯನ್ನೋ ಯಾರದೋ ಮಗಳ ಪ್ರೇಮವನ್ನೋ ಹೊಲದ ಬದುವನ್ನೋ ಎತ್ತಿ ಆಡಿದವರು ಮಾತ್ರ ನಾಳೆಯೂ ಅದೇ ಓಣಿಯಲ್ಲಿ ನೀರು ಹಿಡಿಯಬೇಕು.

2. ಸೀಮೆಯ ಸ್ವರೂಪ

ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 13.9 ಲಕ್ಷ, ಪಟ್ಟಣವಾಸಿಗಳು ಆರರಲ್ಲಿ ಒಬ್ಬರಷ್ಟು. ಆಗ ಜಿಲ್ಲಾ ಕೇಂದ್ರ ಕೊಪ್ಪಳದಲ್ಲಿ 70 ಸಾವಿರದಷ್ಟು ಜನರಿದ್ದರೆ ಗಂಗಾವತಿಯಲ್ಲಿ 1.14 ಲಕ್ಷ ಜನರಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಕಾರಟಗಿಗಳನ್ನು ಭತ್ತದ ನಾಡಾಗಿಸಿತು. ಅಕ್ಕಿ ಗಿರಣಿಗಳು ಎದ್ದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಾದವು, ದುಡ್ಡು ಓಡಾಡಿತು. ಕುಷ್ಟಗಿ, ಯಲಬುರ್ಗಾ ಮತ್ತು ಕನಕಗಿರಿಯ ಎರೆ–ಮಸಾರಿ ಹೊಲಗಳು ಹೆಚ್ಚಾಗಿ ಮಳೆಯನ್ನೇ ನಂಬಿವೆ. ಮಳೆ ಕೈಕೊಟ್ಟ ವರ್ಷ ಅಲ್ಲಿನವರು ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುತ್ತಾರೆ.

ಹುಲಿಹೈದರ ಈ ಒಣಭಾಗದ ಹೋಬಳಿ ಊರು. ಗಂಗಾವತಿ ತಾಲ್ಲೂಕಿನಲ್ಲಿದ್ದ ಅದು 2017–18ರಲ್ಲಿ ಕನಕಗಿರಿ ಪ್ರತ್ಯೇಕ ತಾಲ್ಲೂಕಾದಾಗ ಅದರೊಳಕ್ಕೆ ಬಂತು. ಊರಿನ ಕಟ್ಲೆಗಳಿಗೆ ಪೊಲೀಸ್ ಠಾಣೆ ಕನಕಗಿರಿಯದು. ಈ ಭಾಗದ ಮೊಹರಂ ಒಂದು ಧರ್ಮದ ಹಬ್ಬವಲ್ಲ. ಅಲಾಯಿ ಕುಣಿ ತೋಡುವವರು, ಪೀರಲ ದೇವರಿಗೆ ಸಕ್ಕರೆ ಓದಿಸುವವರು, ರಿವಾಯತ್ ಹಾಡುವವರು, ಹೆಜ್ಜೆ ಹಾಕುವವರು ಹಿಂದೂಗಳೂ ಹೌದು, ಮುಸ್ಲಿಮರೂ ಹೌದು. ಇಷ್ಟು ಹತ್ತಿರ ಬಾಳುವ ಊರಿನಲ್ಲಿ ಹಬ್ಬದ ಹೊತ್ತಿಗೆ ಮುನಿಸು ಬಿಗಿಯಾಗಿದೆಯೆಂದರೆ ಅದು ಯಾರಿಗೂ ಗುಟ್ಟಾಗಿರುವುದಿಲ್ಲ. ಯಾರು ಈ ಸಲ ಕುಣಿಯ ಸುತ್ತ ಬರಲಿಲ್ಲ, ಯಾರ ಮನೆಯಿಂದ ಎಡೆ ಬರಲಿಲ್ಲ ಎಂಬುದನ್ನು ಊರು ಅಂದೇ ಓದಿಕೊಂಡಿರುತ್ತದೆ.

3. ದಾಖಲೆಗೆ ಬಂದ ಪ್ರಕರಣಗಳು

ಗಂಗಾವತಿ ತಾಲ್ಲೂಕಿನ ಮರಕುಂಬಿಯ ಪ್ರಕರಣ ಈ ಚರ್ಚೆಗೆ ಎಲ್ಲಕ್ಕಿಂತ ಮುಖ್ಯ. 2014ರ ಆಗಸ್ಟ್ 28ರಂದು ಪುನೀತ್ ರಾಜ್‌ಕುಮಾರ್ ಅಭಿನಯದ ‘ಪವರ್’ ತೆರೆಕಂಡಿತು. ಸಿನಿಮಾ ನೋಡಲು ಗಂಗಾವತಿಗೆ ಹೋದ ಹುಡುಗರ ನಡುವೆ ಟಿಕೆಟ್ ವಿಷಯಕ್ಕೆ ತಗಾದೆಯಾಯಿತು. ಅದು ಊರಿಗೆ ಬಂದು, ಸವರ್ಣೀಯರ ಗುಂಪು ದಲಿತರ ಕೇರಿಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿ ಹಚ್ಚಿತು. ಟಿಕೆಟ್ಟಿನ ಜಗಳಕ್ಕೆ ಗುಡಿಸಲು ಸುಡುವಷ್ಟು ಸಿಟ್ಟು ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಅದೇ ಊರಲ್ಲಿತ್ತು. ಕ್ಷೌರದಂಗಡಿ ಮತ್ತು ಹೋಟೆಲಿಗೆ ದಲಿತರನ್ನು ಬಿಡದಿರುವುದನ್ನು ಅವರು ಪ್ರಶ್ನಿಸತೊಡಗಿದ್ದರು. ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 98 ಮಂದಿಗೆ ಜೀವಾವಧಿ ಶಿಕ್ಷೆ, ಮೂವರಿಗೆ ಐದು ವರ್ಷದ ಸೆರೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. 2000ದ ಮಾರ್ಚ್‌ನಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ ಆರೋಪಿಗಳೆಲ್ಲ 2006ರಲ್ಲಿ ಖುಲಾಸೆಯಾಗಿದ್ದರು. ಅದರೊಡನೆ ಹೋಲಿಸಿದರೆ ಮರಕುಂಬಿ ತೀರ್ಪಿನ ತೂಕ ತಿಳಿಯುತ್ತದೆ. ಆದರೆ ಆ ತೀರ್ಪಿಗೆ ಹತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಸಾಕ್ಷಿಗಳು ಆರೋಪಿಗಳಿದ್ದ ಊರಿನಲ್ಲೇ ಬಾಳಬೇಕಾಯಿತು.

2025ರ ಆಗಸ್ಟ್ 3ರಂದು ಕೊಪ್ಪಳ ನಗರದಲ್ಲಿ ವಾಲ್ಮೀಕಿ ಸಮುದಾಯದ ಯುವಕನೊಬ್ಬನ ಕೊಲೆಯಾಯಿತು. ಪ್ರೇಮದ ವೈಷಮ್ಯ, ಧರ್ಮ, ಗಾಂಜಾ ಈ ಮೂರೂ ಮುಂದಿನ ಚರ್ಚೆಯಲ್ಲಿ ಬಂದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗಂಗಾವತಿಯಲ್ಲಿ ರಾಜಕೀಯ ಪಕ್ಷವೊಂದರ ಯುವ ಘಟಕದ ಮುಖಂಡನನ್ನು ನಡುರಾತ್ರಿ ರಸ್ತೆಯಲ್ಲಿ ಕಡಿದು ಕೊಂದರು. ಅಲ್ಲಿ ಕೇಳಿಬಂದದ್ದೂ ಹಳೆಯ ದ್ವೇಷದ ಮಾತೇ.

ಇವಕ್ಕಿಂತ ಬೇರೆಯಾದದ್ದು ಗಂಗಾವತಿ ತಾಲ್ಲೂಕಿನ ಸಾಣಾಪುರದ ಪ್ರಕರಣ. 2025ರ ಮಾರ್ಚ್ 6ರ ರಾತ್ರಿ ಎಡದಂಡೆ ಕಾಲುವೆಯ ಪಕ್ಕ ಹೋಂಸ್ಟೇ ನಡೆಸುವ ಮಹಿಳೆ, ಇಸ್ರೇಲಿನ ಒಬ್ಬ ಮಹಿಳೆ ಮತ್ತು ಮೂವರು ಪುರುಷ ಪ್ರವಾಸಿಗರು ಕುಳಿತಿದ್ದರು. ಬೈಕಿನಲ್ಲಿ ಬಂದ ಮೂವರು ಮೊದಲು ಪೆಟ್ರೋಲ್ ಎಲ್ಲಿ ಸಿಗುತ್ತದೆಂದು ಕೇಳಿದರು, ಆಮೇಲೆ ನೂರು ರೂಪಾಯಿ ಕೊಡಿ ಎಂದರು. ಮಾತಿಗೆ ಮಾತು ಬೆಳೆದು ಪುರುಷರನ್ನು ಕಾಲುವೆಗೆ ತಳ್ಳಿದರು, ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವೆಸಗಿದರು. ಕಾಲುವೆಗೆ ಬಿದ್ದ ಒಡಿಶಾದ ಪ್ರವಾಸಿ ಬದುಕುಳಿಯಲಿಲ್ಲ. ಪೊಲೀಸರು ಹಿಡಿದ ಆರೋಪಿಗಳು ದೂರದೇಶದವರಲ್ಲ, ಗಂಗಾವತಿಯವರು. ಬಲಿಯಾದವರಿಗೂ ದಾಳಿಕೋರರಿಗೂ ಮೊದಲು ಮುಖಪರಿಚಯವೂ ಇರಲಿಲ್ಲ. ಜಗತ್ತಿನ ಪತ್ರಿಕೆಗಳಿಗೆ ಕೊಪ್ಪಳ ಜಿಲ್ಲೆಯ ಹೆಸರು ತಲುಪಿದ್ದು ಈ ಪ್ರಕರಣದಿಂದ. ಇಲ್ಲಿನ ಪ್ರಕರಣಗಳ ಸಾಲಿನಲ್ಲಿ ಇದೇ ಅಪವಾದ ಎಂಬುದು ಆ ಗದ್ದಲದಲ್ಲಿ ಕಾಣದೆ ಹೋಯಿತು.

4. ಅಮಲಿನ ಮೂರು ದಾರಿ

ದೂರಿನಲ್ಲಿ ಎಲ್ಲ ಅಮಲೂ ಒಂದೇ ಆಗಿ ಕೇಳಿಸಿದರೂ ಅವುಗಳ ಮೂಲ, ಮಾರಾಟ ಮತ್ತು ಕಾನೂನು ಬೇರೆ ಬೇರೆ.

ಮೊದಲನೆಯದು ಮದ್ಯ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲದೆ 90 ಎಂ.ಎಲ್. ಪ್ಯಾಕೆಟ್‌ಗೆ ದಾಟಿಕೊಂಡಿತು. ಪಟ್ಟಣದ ಪರವಾನಗಿ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಹೊರಟ ಮಾಲು ಹಳ್ಳಿಯ ಪಾನ್‌ಬೀಡಾ ಡಬ್ಬಿಯಲ್ಲಿ, ಕಿರಾಣಿ ಅಂಗಡಿಯ ಹಿಂಬದಿಯಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಹೆಚ್ಚಿಗೆ ಬಿಕರಿಯಾಗುತ್ತದೆ. ಕೂಲಿ ಮುಗಿಸಿ ಬಂದವನಿಗೆ ಅಂಗಡಿ ಮನೆಗಿಂತ ಮೊದಲು ಸಿಗುತ್ತದೆ. ಇದರ ವಿರುದ್ಧ 2019ರ ಜನವರಿಯಲ್ಲಿ ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ಅವರ ದೂರಿನ ಮುಖ್ಯ ಭಾಗ ಬೀದಿಯಲ್ಲಿ ಯಾರೋ ಇರಿದಾರೆಂಬ ಭಯದ್ದಾಗಿರಲಿಲ್ಲ. ಮನೆಯೊಳಗಿನ ಹೊಡೆತ, ಅಡವಿಟ್ಟ ತಾಳಿ, ಗಂಡನ ಸಾವು ಇವೇ ಅವರ ಮಾತಾಗಿದ್ದವು. ಅಮಲು ಮತ್ತು ಹಿಂಸೆಯ ನಂಟು ಅತ್ಯಂತ ನೇರವಾಗಿ ಕಾಣುವುದು ಇಲ್ಲಿ. ಆದರೂ ಪಟ್ಟಣದ ಗಂಡಸರ ಚರ್ಚೆಯಲ್ಲಿ ಹಿಂದೆ ಸರಿಯುವುದೂ ಇದೇ.

ಎರಡನೆಯದು ಕಲಬೆರಕೆ ಸೇಂದಿ. ತೆಲಂಗಾಣದ ಗಡಿಯ ರಾಯಚೂರು ಜಿಲ್ಲೆಯಲ್ಲಿ ಸಿ.ಎಚ್. ಪುಡಿ, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆಸಿದ ಸೇಂದಿಯ ಹಾವಳಿ ಹಳೆಯದು. ಈಚಲು ಮರದ ಹೆಸರಿನಲ್ಲಿ ಮಾರುವ ಇದರಲ್ಲಿ ಮರದ ರಸ ಇರಲೇಬೇಕೆಂದಿಲ್ಲ. ಚಟ ಹತ್ತಿದವರಿಗೆ ಒಮ್ಮೆಲೇ ಸಿಗದಿದ್ದರೆ ನಡುಕ, ಭ್ರಮೆ ಶುರುವಾಗುತ್ತದೆ. ಇದನ್ನು ಬರೀ ದಾಳಿಯಿಂದ ನಿಲ್ಲಿಸಲಾಗದು, ಆಸ್ಪತ್ರೆಯ ನೆರವೂ ಬೇಕು.

ಮೂರನೆಯದು ಗಾಂಜಾ. ಹತ್ತಿ, ತೊಗರಿ ಹೊಲಗಳ ಸಾಲುಗಳ ನಡುವೆ ಗಾಂಜಾ ಗಿಡ ಬೆಳೆದ ಪ್ರಕರಣಗಳು ಕಲ್ಯಾಣ ಕರ್ನಾಟಕದಲ್ಲಿ ಆಗಾಗ ದಾಖಲಾಗುತ್ತವೆ. 1985ರ ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯಡಿ ಒಂದು ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಸೇದುವ ಹುಡುಗ ಬೇಗ ಸಿಕ್ಕಿಬೀಳುತ್ತಾನೆ, ಸಾಗಿಸುವವನು ತಡವಾಗಿ. ಇಲ್ಲಿ ಇನ್ನೊಂದು ಸಂಗತಿಯೂ ಇದೆ. 2020ರಲ್ಲಿ ಬೆಂಗಳೂರಿನ ಚಿತ್ರರಂಗದ ಡ್ರಗ್ಸ್ ಪ್ರಕರಣ ಸುದ್ದಿಯಲ್ಲಿದ್ದಾಗಲೇ, ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಸನ್ನಿಧಿಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸೇವಿಸುವ ವಾಡಿಕೆಯ ವರದಿಗಳೂ ಬಂದವು. ಅವಧೂತ, ಆರೂಢ ಪರಂಪರೆಗಳ ಚಿಲುಮೆ ಈ ನೆಲಕ್ಕೆ ಹೊಸದಲ್ಲ. ಮುದುಕ ಸಾಧುವಿನ ಚಿಲುಮೆಯನ್ನು ಸಹಿಸಿಕೊಂಡು ಬಂದ ಊರು ಬೈಕಿನ ಮೇಲಿನ ಹುಡುಗನ ಸಿಗರೇಟಿಗೆ ಹೆದರುತ್ತದೆ. ಸೊಪ್ಪು ಒಂದೇ ಆದ್ದರಿಂದ ಆ ಹೆದರಿಕೆಯಲ್ಲಿ ದೊಡ್ಡ ಪಾಲು ಸೊಪ್ಪಿನದಲ್ಲ. ಯಾರ ಮಾತನ್ನೂ ಕೇಳದ, ಕೆಲಸವಿಲ್ಲದ, ಮೊಬೈಲಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡುವ ತಲೆಮಾರಿನದು.

ಹಂಪಿಯಿಂದ ನದಿಯಾಚೆಗಿರುವ ವಿರೂಪಾಪುರ ಗಡ್ಡೆಯ ಬಗ್ಗೆಯೂ ಇಂಥದೇ ದೂರುಗಳಿದ್ದವು. ಅಲ್ಲಿನ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ನಂತರ 2020ರ ಮಾರ್ಚ್‌ನಲ್ಲಿ ಕೆಡವಲಾಯಿತು. ಪ್ರವಾಸೋದ್ಯಮ ನಿಲ್ಲದೆ ಸಾಣಾಪುರ, ಆನೆಗೊಂದಿಗಳ ಕಡೆಗೆ ಸರಿಯಿತು, ಊರಿನಿಂದ ದೂರದ ಕತ್ತಲೆಯ ದಂಡೆಗಳಿಗೂ ಹೋಯಿತು. ಒಂದು ಜಾಗವನ್ನು ತೆರವು ಮಾಡಿದರೆ ಅಪಾಯ ತೀರುವುದಿಲ್ಲ, ಕಾವಲಿಲ್ಲದ ಕಡೆಗೆ ಹೋಗುತ್ತದೆ ಎಂಬುದಕ್ಕೆ ಸಾಣಾಪುರದ ಕಾಲುವೆ ದಂಡೆ ಸಾಕ್ಷಿ.

5. ಎಣಿಕೆ ಮತ್ತು ಭಯ

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ಕ್ಕೆ ದೇಶದಲ್ಲಿ 28,522 ಕೊಲೆ ಪ್ರಕರಣಗಳನ್ನು ಲೆಕ್ಕ ಹಾಕಿತು. ಅವುಗಳಲ್ಲಿ ‘ವಿವಾದ’ ಕಾರಣವಾದವು 9,962, ವೈಯಕ್ತಿಕ ದ್ವೇಷ ಕಾರಣವಾದವು 3,761, ಲಾಭಕ್ಕಾಗಿ ನಡೆದವು 1,884. ಪರಿಚಿತರ ತಗಾದೆ ಅಪರಿಚಿತರ ದರೋಡೆಗಿಂತ ಹೆಚ್ಚು ಜೀವ ತೆಗೆಯುತ್ತದೆ ಎಂಬ ಈ ಚಿತ್ರಕ್ಕೆ ಕೊಪ್ಪಳ ಸೀಮೆ ಹೊರತಲ್ಲ. ಬ್ಯೂರೋ 20 ಲಕ್ಷ ಮೀರಿದ ಮಹಾನಗರಗಳಿಗೆ ಪ್ರತ್ಯೇಕ ಅಧ್ಯಾಯ ಕೊಡುತ್ತದೆ. ಗಂಗಾವತಿಯಂಥ ಊರು ಜಿಲ್ಲೆಯ ಮೊತ್ತದೊಳಗೆ ಕರಗಿಹೋಗುತ್ತದೆ. ತಮ್ಮ ಊರಿನ ಸ್ಥಿತಿ ಕೆಟ್ಟಿದೆಯೋ ಸುಧಾರಿಸಿದೆಯೋ ತಿಳಿಯಲು ಜನರಿಗೆ ಉಳಿಯುವ ದಾರಿ ವಾಟ್ಸ್‌ಆ್ಯಪ್ ವಿಡಿಯೊ ಮತ್ತು ಹೋಟೆಲ್ ಕಟ್ಟೆಯ ಮಾತು.

ಅಪರಾಧದ ಭಯ ಬಹುಮಟ್ಟಿಗೆ ಅಪರಿಚಿತರ ಭಯ ಎಂದು 1967ರಲ್ಲೇ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗ ಗುರುತಿಸಿತ್ತು. ದೊಡ್ಡ ನಗರಕ್ಕೆ ಆ ಮಾತು ಒಪ್ಪುತ್ತದೆ. ಎಲ್ಲರಿಗೂ ಎಲ್ಲರ ಮನೆತನ ಗೊತ್ತಿರುವ ಹುಲಿಹೈದರದಂಥ ಊರಿನಲ್ಲಿ ಅಪರಿಚಿತ ಎಂಬವನು ಸುಲಭಕ್ಕೆ ಸಿಗುವುದಿಲ್ಲ. ಆ ಜಾಗಕ್ಕೆ ಗಾಂಜಾ ಬಂದು ಕೂರುತ್ತದೆ. ನಮ್ಮ ಹುಡುಗ ಹಾಗಿರಲಿಲ್ಲ, ಅಮಲು ಹಾಗೆ ಮಾಡಿಸಿತು ಎಂದರೆ ಎರಡೂ ಮನೆಯವರು ನಾಳೆ ಮುಖ ನೋಡಬಹುದು. ಈ ಮಾತು ಊರಿನ ಸಹಬಾಳ್ವೆಯನ್ನು ಕಾಯುತ್ತದೆ ಎಂಬುದು ನಿಜ. ಜಗಳದ ಮೂಲ ಯಾವ ಕಾಗದಕ್ಕೂ ಬರದಂತೆ ನೋಡಿಕೊಳ್ಳುವುದೂ ಇದೇ ಮಾತು.

6. ಮುಂಚಿತವಾಗಿ ತಡೆಯುವ ಕಾನೂನು

ಗೊತ್ತಿದ್ದ ಜಗಳವನ್ನು ತಡೆಯಲು ಕಾನೂನಿನಲ್ಲಿ ದಾರಿಗಳಿವೆ. ಶಾಂತಿಭಂಗದ ಸಂಭವವಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿ, ಊರಿನವರ ಲೆಕ್ಕದಲ್ಲಿ ತಹಶೀಲ್ದಾರರು, ಎರಡೂ ಕಡೆಯವರಿಂದ ಒಂದು ವರ್ಷದವರೆಗಿನ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126 ಆಗಿದೆ, ನಿಷೇಧಾಜ್ಞೆಯ 144 ಈಗ 163. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳು ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ಮೊದಲೇ ಗುರುತಿಸಬೇಕೆಂದು ಹೇಳುತ್ತವೆ. ರಾಜ್ಯದ ಪೊಲೀಸರು 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ತಂದರು, 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಆರಂಭಿಸಿದರು.

ಇವುಗಳಲ್ಲಿ ನಿಷೇಧಾಜ್ಞೆ ಬಹುತೇಕ ಹೆಣ ಬಿದ್ದ ಮೇಲೆ ಬರುತ್ತದೆ. ಮುಚ್ಚಳಿಕೆ ಹೆಣ ಬೀಳುವ ಮೊದಲಿನದು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದಾರೆ, ಓಡಿಹೋದ ಜೋಡಿಯ ಮನೆಯವರು ಮಾತು ಬಿಟ್ಟಿದ್ದಾರೆ, ಹಬ್ಬಕ್ಕೆ ಒಂದು ಓಣಿ ಬರಲಿಲ್ಲ ಎಂಬ ಸುದ್ದಿ ಬೀಟ್ ಪೊಲೀಸನ ಕಿವಿಗೆ ಬಿದ್ದರೂ ದೂರಿಲ್ಲದೆ ಅದು ದಾಖಲೆಗೆ ಬರುವುದು ಕಷ್ಟ. ದೂರು ಕೊಡಬೇಕಾದವರು ಅದೇ ಊರಿನವರು. ಹೀಗೆ ಠಾಣೆಗೆ ತಲುಪುವುದು ಎಲ್ಲರೂ ಒಪ್ಪುವ ಮನವಿ ಮಾತ್ರ: ಗಾಂಜಾ ನಿಲ್ಲಿಸಿ, ಅಕ್ರಮ ಮದ್ಯ ನಿಲ್ಲಿಸಿ, ಗಸ್ತು ಹೆಚ್ಚಿಸಿ. ಇಲಾಖೆ ದಾಳಿ ಮಾಡುತ್ತದೆ, ನಾಲ್ಕಾರು ಹುಡುಗರು ಸಿಗುತ್ತಾರೆ, ಮನವಿಗೆ ಉತ್ತರ ಸಿಕ್ಕಂತಾಗುತ್ತದೆ. ಜಗಳ ಇದ್ದಲ್ಲೇ ಇರುತ್ತದೆ.

7. ಉಪಸಂಹಾರ

ಈ ಸೀಮೆಯ ನಿವಾಸಿಗಳ ಭಯವನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕುವುದೂ ಅವರು ಹೇಳಿದ ಕಾರಣವನ್ನೇ ಪೂರ್ಣ ಕಾರಣವೆಂದು ಒಪ್ಪುವುದೂ ಸರಿಯಲ್ಲ. ಅಮಲಿನ ದೂರಿನಲ್ಲಿ ಎರಡು ಸತ್ಯಗಳಿವೆ. ಹೆಂಗಸರು ಹೇಳುವ ಮನೆಯೊಳಗಿನ ಹಿಂಸೆಗೆ ಮದ್ಯ ನೇರ ಕಾರಣ, ಅಲ್ಲಿ ಅಕ್ರಮ ಮಾರಾಟ ತಡೆಯುವುದೇ ಅಪರಾಧ ತಡೆಯುವ ಕೆಲಸ. ಗುಂಪು ಘರ್ಷಣೆ ಮತ್ತು ಸೇಡಿನ ಕೊಲೆಗಳಲ್ಲಿ ಗಾಂಜಾದ ಮಾತು ಹೇಳಲಾಗದ ಮೂಲವನ್ನು ಮರೆಮಾಡುತ್ತದೆ. ಈ ಎರಡನ್ನೂ ಒಂದೇ ‘ಡ್ರಗ್ಸ್ ಹಾವಳಿ’ಯ ಹೆಸರಿನಲ್ಲಿ ಸೇರಿಸಿದರೆ ಎರಡಕ್ಕೂ ಪರಿಹಾರ ಸಿಗುವುದಿಲ್ಲ.

ಆದ್ದರಿಂದ ಸಂಶೋಧಕರು ಗಾಂಜಾ ಪ್ರಕರಣಗಳ ಪಟ್ಟಿಯ ಜೊತೆಗೆ ತಾಲ್ಲೂಕು ಕಚೇರಿಯ ಮುಚ್ಚಳಿಕೆ ಕಡತಗಳನ್ನೂ ಓದಬೇಕು. ಯಾವ ಊರಿನ ಯಾವ ಬಗೆಯ ತಗಾದೆ ಅಲ್ಲಿ ತಲುಪಿತು, ಯಾವುದು ತಲುಪದೆ ನೇರ ಎಫ್‌ಐಆರ್ ಆಯಿತು ಎಂಬ ಅಂತರದಲ್ಲೇ ಇಲ್ಲಿನ ಭಯದ ಅಳತೆ ಸಿಗುತ್ತದೆ. ಆಡಳಿತದ ಮಟ್ಟಿಗೆ ಹೇಳುವುದಾದರೆ, ದೂರುದಾರರ ಹೆಸರು ಹೊರಬೀಳದಂತೆ ಜಾತಿ ಬಹಿಷ್ಕಾರದ, ಪ್ರೇಮದ ಬೆದರಿಕೆಯ, ಹಬ್ಬದ ಮುನಿಸಿನ ಸುದ್ದಿಯನ್ನು ದಾಖಲಿಸುವ ವ್ಯವಸ್ಥೆ ಬೀಟ್ ಪುಸ್ತಕದಲ್ಲಿ ಇರಬೇಕು. ಶಾಂತಿ ಸಭೆ ಗಣೇಶ ಚತುರ್ಥಿ, ಮೊಹರಂಗಳ ಹಿಂದಿನ ದಿನದ ಶಾಸ್ತ್ರವಾಗದೆ ಆ ಸುದ್ದಿ ಬಂದ ವಾರವೇ ನಡೆಯಬೇಕು. ಊರಿನವರಿಗೆ ಜಗಳದ ಹೆಸರು ಹೇಳುವುದು ಗಾಂಜಾದ ಹೆಸರು ಹೇಳುವಷ್ಟೇ ಸುರಕ್ಷಿತವಾಗುವವರೆಗೆ, ಪೊಲೀಸರು ಎಷ್ಟು ದಾಳಿ ಮಾಡಿದರೂ ಹುಲಿಹೈದರದಂಥ ಊರಿಗೆ ಬಂದೋಬಸ್ತ್ ತಡವಾಗಿಯೇ ಬರುತ್ತದೆ.