ಬಹುಮಾನದ ಆಸೆಗೆ ಬರೆದ ಪ್ರಬಂಧ

ಪ್ರಬಂಧ ಸ್ಪರ್ಧೆ ಅಂದ್ರೆ ನಮಗೆ ನೆನಪಾಗೋದು ಒಂದು ಸರ್ಟಿಫಿಕೇಟು, ವೇದಿಕೆ ಮೇಲೊಂದು ಫೋಟೋ. 1785ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸ್ಪರ್ಧೆಗೆ ಇಳಿದ ಥಾಮಸ್ ಕ್ಲಾರ್ಕ್‌ಸನ್‌ಗೂ ಬೇಕಾಗಿದ್ದು ಹೆಸರು, ಅಷ್ಟೇ. ಹಿಂದಿನ ವರ್ಷವೂ ಲ್ಯಾಟಿನ್ ಪ್ರಬಂಧಕ್ಕೆ ಬಹುಮಾನ ಹೊಡೆದಿದ್ದ ಹುಡುಗ.

ಆ ಸಲ ಉಪಕುಲಪತಿ ಪೀಟರ್ ಪೆಕರ್ಡ್ ಕೊಟ್ಟ ಪ್ರಶ್ನೆ ಹೀಗಿತ್ತು: ಮನುಷ್ಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಗುಲಾಮರನ್ನಾಗಿ ಮಾಡುವುದು ಸಲ್ಲುತ್ತದೆಯೇ? ಕಾನೂನಿಗೆ ಸಲ್ಲೋದು ಬೇರೆ, ನ್ಯಾಯಕ್ಕೆ ಸಲ್ಲೋದು ಬೇರೆ ಅಲ್ವಾ? ಅಲ್ಲೇ ಇದ್ದಿದ್ದು ಕಗ್ಗಂಟು. ಎರಡು ವರ್ಷದ ಹಿಂದಷ್ಟೇ ಲಂಡನ್ನಿನ ಕೋರ್ಟಿಗೆ 'ಝಾಂಗ್' ಹಡಗಿನ ಕೇಸು ಬಂದಿತ್ತು. ಸುಮಾರು 130 ಆಫ್ರಿಕನ್ನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದಿದ್ದರು. ಆದರೆ ನಡೆದದ್ದು ಕೊಲೆ ವಿಚಾರಣೆ ಅಲ್ಲ. ನಷ್ಟವಾದ 'ಸರಕಿಗೆ' ಇನ್ಶೂರೆನ್ಸ್ ದುಡ್ಡು ಕೊಡಬೇಕೋ ಬೇಡವೋ ಅನ್ನೋ ವ್ಯಾಜ್ಯ!

ಕ್ಲಾರ್ಕ್‌ಸನ್‌ಗೆ ಈ ವಿಷಯ ಹೊಸದು, ಸಮಯವೂ ಕಮ್ಮಿ. ಗುಲಾಮ ವ್ಯಾಪಾರದಲ್ಲಿದ್ದು ತೀರಿಹೋಗಿದ್ದ ಒಬ್ಬ ಸ್ನೇಹಿತನ ಕಾಗದಪತ್ರ ಸಿಕ್ಕಿತು. ವೆಸ್ಟ್ ಇಂಡೀಸ್ ನೋಡಿಬಂದ ಅಧಿಕಾರಿಗಳನ್ನು ಮಾತಾಡಿಸಿದ. ಆಂಟನಿ ಬೆನೆಜೆಟ್ ಬರೆದ ಗಿನಿ ದೇಶದ ಪುಸ್ತಕ ಕೈಗೆ ಬಂತು. ಓದ್ತಾ ಓದ್ತಾ ನಿದ್ದೆ ಹಾರಿಹೋಯ್ತು. ರಾತ್ರಿ ಹೊಳೆದದ್ದನ್ನು ತಕ್ಷಣ ಎದ್ದು ಬರೆಯೋಕೆ ಅಂತ ಕೋಣೆಯಲ್ಲಿ ಮೋಂಬತ್ತಿ ಉರಿಸಿಟ್ಟೇ ಮಲಗುತ್ತಿದ್ದನಂತೆ.

ಮೊದಲ ಬಹುಮಾನ ಬಂತು. ಸೆನೆಟ್ ಹೌಸಿನಲ್ಲಿ ಪ್ರಬಂಧ ಓದಿ, ಕುದುರೆ ಏರಿ ಲಂಡನ್ ಕಡೆ ಹೊರಟ. ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನವಿಲ್ಲ. ಹರ್ಟ್‌ಫರ್ಡ್‌ಶೈರಿನ ವೇಡ್ಸ್‌ಮಿಲ್ ಹತ್ತಿರ ಕುದುರೆಯಿಂದ ಇಳಿದು ರಸ್ತೆಬದಿಯಲ್ಲಿ ಕೂತುಬಿಟ್ಟ. ತಾನು ಬರೆದಿದ್ದೆಲ್ಲ ನಿಜವಾದರೆ, ಯಾರಾದರೂ ಇದಕ್ಕೊಂದು ಕೊನೆ ಕಾಣಿಸಬೇಕಲ್ಲ ಅನ್ನೋ ಯೋಚನೆ ಬಂದಿದ್ದು ಅಲ್ಲೇ. ನನಗೆ ಬಹುಮಾನಕ್ಕಿಂತ ಈ ರಸ್ತೆಬದಿಯೇ ದೊಡ್ಡ ಘಟನೆ ಅನ್ಸುತ್ತೆ. ಪಾದ್ರಿಯಾಗಿ ನೆಮ್ಮದಿಯ ಜೀವನ ನಡೆಸಬಹುದಾಗಿದ್ದ ಹುಡುಗ ಆ ದಾರಿ ಬಿಟ್ಟ.

1786ರಲ್ಲಿ ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮರುವರ್ಷ ಮೇ 22ಕ್ಕೆ ಲಂಡನ್ನಿನಲ್ಲಿ 12 ಜನರ ಸಮಿತಿ ಕಟ್ಟಿದರು. ಅವರಲ್ಲಿ 9 ಮಂದಿ ಕ್ವೇಕರ್ ಪಂಥದವರು. ಸಾಕ್ಷಿ ಹುಡುಕುವ ಕೆಲಸ ಕ್ಲಾರ್ಕ್‌ಸನ್ ಪಾಲಿಗೆ. ಬ್ರಿಸ್ಟಲ್, ಲಿವರ್‌ಪೂಲ್ ಬಂದರುಗಳಲ್ಲಿ ನಾವಿಕರ ಹೇಳಿಕೆ ಬರೆದುಕೊಂಡ. ಬೇಡಿ, ಹೆಬ್ಬೆರಳು ಹಿಂಡುವ ಸಲಕರಣೆಗಳನ್ನು ಅಂಗಡಿಯಲ್ಲೇ ದುಡ್ಡು ಕೊಟ್ಟು ತಂದ. ಹೌದು, ಅವೆಲ್ಲ ಅಂಗಡಿಯಲ್ಲಿ ಮಾರಾಟಕ್ಕಿದ್ದವು! ಲಿವರ್‌ಪೂಲಿನಲ್ಲಿ ಒಂದು ಗುಂಪು ಅವನನ್ನು ನೀರಿಗೆ ತಳ್ಳೋಕೂ ನೋಡಿತು.

ಗುಲಾಮ ವ್ಯಾಪಾರ ನಿಷೇಧಿಸುವ ಕಾಯ್ದೆ ಬರೋಕೆ 1807 ಆಗಬೇಕಾಯ್ತು. ಗುಲಾಮಗಿರಿಯನ್ನೇ ರದ್ದು ಮಾಡಿದ್ದು 1833ರ ಕಾಯ್ದೆ. ಪರಿಹಾರ ಅಂತ 2 ಕೋಟಿ ಪೌಂಡ್ ಹೋಗಿದ್ದು ಮಾಲೀಕರಿಗೆ, ಗುಲಾಮರಿಗೆ ಬಿಡಿಗಾಸೂ ಇಲ್ಲ. ಇನ್ನೊಂದು ವಿಷಯ: ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಪ್ರದೇಶಗಳನ್ನು ಆ ಕಾಯ್ದೆ ಹೊರಗಿಟ್ಟಿತ್ತು. ಗುಲಾಮರ ಮೇಲೆ ಯಾರದೇ ಹಕ್ಕನ್ನು ಕೋರ್ಟುಗಳು ಒಪ್ಪಬಾರದು ಅನ್ನೋ ಕಾಯ್ದೆ ಇಲ್ಲಿಗೆ ಬಂದಿದ್ದು 1843ರಲ್ಲಿ. ಆಗ ಕ್ಲಾರ್ಕ್‌ಸನ್‌ಗೆ 83 ವರ್ಷ.