ಮೊಳಕೆ, ತೆನೆ ಮತ್ತು 1996ರ ಒಂದು ವಿನಿಮಯ

ಬೆಳೆಯ ಸಿರಿಯನ್ನು ಮೊಳಕೆಯಲ್ಲೇ ನೋಡು ಅನ್ನುತ್ತೇವೆ. ಆದರೆ ಆ ಮೊಳಕೆಗಾಗಿ ಕೈಗೆ ಬಂದ ತೆನೆಯನ್ನೇ ಬಿಟ್ಟುಕೊಡಬೇಕಾಗಿ ಬಂದರೆ? ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪ್ರತಿವರ್ಷ ಈ ಲೆಕ್ಕಾಚಾರ ಮಾಡುತ್ತದೆ. ಅಲ್ಲಿ ಹೊಸ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು.

1996ರ ಜೂನ್ 26ರ ಡ್ರಾಫ್ಟ್‌ನಲ್ಲಿ ಷಾರ್ಲೆಟ್ ಹಾರ್ನೆಟ್ಸ್ ತಂಡ 13ನೆಯವನಾಗಿ ಕೋಬಿ ಬ್ರಯಂಟ್‌ನನ್ನು ಆರಿಸಿತು. ವಯಸ್ಸು 17. ಆಗಷ್ಟೇ ಹೈಸ್ಕೂಲು ಮುಗಿಸಿದ್ದ, ಕಾಲೇಜು ತಂಡದಲ್ಲಿ ಒಂದು ದಿನವೂ ಆಡಿರಲಿಲ್ಲ. ಷಾರ್ಲೆಟ್ ಅವನನ್ನು ಇಟ್ಟುಕೊಳ್ಳಲಿಲ್ಲ. ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟು, ಬದಲಿಗೆ ವ್ಲಾಡೆ ಡಿವಾಟ್ಸ್‌ನನ್ನು ಪಡೆಯಿತು. ಯುಗೊಸ್ಲಾವಿಯಾದಿಂದ 1989ರಲ್ಲಿ ಬಂದಿದ್ದ ಡಿವಾಟ್ಸ್ ಏಳು ಋತು ಲೇಕರ್ಸ್‌ಗೆ ಆಡಿ ನುರಿತ ಸೆಂಟರ್ ಎನಿಸಿಕೊಂಡಿದ್ದ. ಊರು ಬಿಡುವುದಕ್ಕಿಂತ ಆಟವನ್ನೇ ಬಿಡುತ್ತೇನೆ ಎಂದು ಮೊದಲು ಹಟ ಹಿಡಿದ, ಆಮೇಲೆ ಒಪ್ಪಿದ.

ಇಂದು ಈ ವಿನಿಮಯವನ್ನು ನೆನೆದು ಷಾರ್ಲೆಟ್‌ನವರನ್ನು ನೋಡಿ ನಗುವವರೇ ಹೆಚ್ಚು. ಅವರ ಜಾಗದಲ್ಲಿ ನಿಂತು ನೋಡೋಣ. ಹಿಂದಿನ ನವೆಂಬರಿನಲ್ಲಿ ತಮ್ಮ ದೊಡ್ಡ ಸೆಂಟರ್ ಅಲೊಂಜೊ ಮೋರ್ನಿಂಗ್‌ನನ್ನು ಅವರು ಮಯಾಮಿಗೆ ಕಳಿಸಿದ್ದರು. ಆ ಋತುವಿನಲ್ಲಿ ಗೆದ್ದದ್ದು 41, ಸೋತದ್ದೂ 41. ಪ್ಲೇಆಫ್ ತಲುಪಲಿಲ್ಲ. ಅವರಿಗೆ ಬೇಕಿದ್ದದ್ದು ಸೆಂಟರ್, ಅದೂ ಕೂಡಲೇ. ಡಿವಾಟ್ಸ್ ಬಂದ ಮೊದಲ ಋತುವಿನಲ್ಲೇ ತಂಡ 54 ಪಂದ್ಯ ಗೆದ್ದಿತು. ಅಲ್ಲಿಯವರೆಗೆ ಆ ತಂಡ ಒಂದು ಋತುವಿನಲ್ಲಿ ಅಷ್ಟು ಗೆದ್ದಿರಲಿಲ್ಲ. ಅದೇ ಋತುವಿನಲ್ಲಿ ಕೋಬಿಯ ಸರಾಸರಿ 7.6 ಅಂಕ. 1997ರ ಮೇ ತಿಂಗಳಲ್ಲಿ ಯೂಟಾ ವಿರುದ್ಧದ ನಿರ್ಣಾಯಕ ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವನೆಸೆದ ನಾಲ್ಕು ಚೆಂಡುಗಳು ರಿಂಗನ್ನೂ ಮುಟ್ಟಲಿಲ್ಲ. ಅಂದು ತೀರ್ಪು ಕೇಳಿದ್ದರೆ ಲಾಭ ಷಾರ್ಲೆಟ್‌ನದೇ ಎನ್ನಬಹುದಿತ್ತು.

ಲೇಕರ್ಸ್ ಕೂಡ ಬರೀ ಮೊಳಕೆಯನ್ನು ನಂಬಿ ಕೂರಲಿಲ್ಲ. ಮ್ಯಾನೇಜರ್ ಜೆರಿ ವೆಸ್ಟ್ ಹುಡುಗನ ಅಭ್ಯಾಸವನ್ನು ಕಣ್ಣಾರೆ ಕಂಡು ಮೆಚ್ಚಿದ್ದು ನಿಜ. ಆದರೆ ಡಿವಾಟ್ಸ್‌ನನ್ನು ಬಿಟ್ಟುಕೊಟ್ಟದ್ದಕ್ಕೆ ಇನ್ನೊಂದು ಕಾರಣವಿತ್ತು. ಅಲ್ಲಿ ತಂಡದ ಸಂಬಳದ ಮೊತ್ತಕ್ಕೆ ಮಿತಿಯಿದೆ. ಆಗಲೇ ಹೆಸರು ಮಾಡಿದ್ದ ಶಕೀಲ್ ಓನೀಲ್‌ನನ್ನು ಕರೆತರಲು ಆ ಮಿತಿಯೊಳಗೆ ಜಾಗ ಬೇಕಿತ್ತು. ಜುಲೈನಲ್ಲಿ ಓನೀಲ್ ಬಂದ. ಗೆಲುವಿನ ಹೊರೆಯನ್ನು ಅವನು ಹೊತ್ತಿದ್ದರಿಂದಲೇ ಹುಡುಗನಿಗೆ ತಪ್ಪು ಮಾಡಿ ಕಲಿಯಲು ಬಿಡುವು ಸಿಕ್ಕಿತು. 2000ದಿಂದ 2002ರವರೆಗೆ ಇಬ್ಬರೂ ಸೇರಿ ಸತತ ಮೂರು ಪ್ರಶಸ್ತಿ ಗೆದ್ದರು. ಕೋಬಿ 20 ಋತು ಅದೇ ತಂಡಕ್ಕೆ ಆಡಿ, ಒಟ್ಟು ಐದು ಪ್ರಶಸ್ತಿ ಗೆದ್ದು, 33,643 ಅಂಕ ಗಳಿಸಿ 2016ರಲ್ಲಿ ನಿವೃತ್ತನಾದ.

ಎಲ್ಲ ಮೊಳಕೆಯೂ ಹೀಗೆ ಬೆಳೆಯುವುದಿಲ್ಲ. 2001ರಲ್ಲಿ ಹೈಸ್ಕೂಲಿನಿಂದ ನೇರ ಬಂದ ಕ್ವಾಮೆ ಬ್ರೌನ್‌ನನ್ನು ವಾಷಿಂಗ್ಟನ್ ತಂಡ ಎಲ್ಲರಿಗಿಂತ ಮೊದಲು ಆರಿಸಿತು. ಆಯ್ಕೆಯ ಹಿಂದೆ ಇದ್ದವನು ಸಾಕ್ಷಾತ್ ಮೈಕೆಲ್ ಜೋರ್ಡನ್. ಆದರೂ ಬ್ರೌನ್ ಒಮ್ಮೆಯೂ ಆಲ್‌ಸ್ಟಾರ್ ಆಗಲಿಲ್ಲ. 2006ರ ಡ್ರಾಫ್ಟ್‌ನಿಂದ ಲೀಗ್ 19 ವರ್ಷದ ಕಟ್ಟಳೆ ತಂದು ಹೈಸ್ಕೂಲಿನ ನೇರ ದಾರಿಯನ್ನು ಮುಚ್ಚಿತು.

ಡಿವಾಟ್ಸ್ ಕಥೆಗೆ ಇನ್ನೊಂದು ತಿರುವಿದೆ. 2018ರಲ್ಲಿ ಅವನೇ ಸ್ಯಾಕ್ರಮೆಂಟೊ ತಂಡದ ಮ್ಯಾನೇಜರ್, ಕೈಯಲ್ಲಿ ಎರಡನೆಯ ಆಯ್ಕೆ. ಒಂದು ಕಡೆ ಕಾಲೇಜಿನಲ್ಲಿ ಒಂದೇ ಋತು ಆಡಿದ್ದ ಮಾರ್ವಿನ್ ಬ್ಯಾಗ್ಲಿ. ಇನ್ನೊಂದು ಕಡೆ 19ರ ವಯಸ್ಸಿಗೇ ರಿಯಲ್ ಮ್ಯಾಡ್ರಿಡ್ ಪರ ಯೂರೋಲೀಗ್ ಗೆದ್ದು, ಅಲ್ಲಿನ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದ ಲೂಕಾ ಡಾಂಚಿಚ್. ಡಿವಾಟ್ಸ್ ಆರಿಸಿದ್ದು ಬ್ಯಾಗ್ಲಿಯನ್ನು. ಡಾಂಚಿಚ್ ಲೀಗಿನ ದೊಡ್ಡ ತಾರೆಗಳಲ್ಲೊಬ್ಬನಾದ, ಬ್ಯಾಗ್ಲಿ ಆಗಲಿಲ್ಲ. ಒಮ್ಮೆ ತಕ್ಕಡಿಯಲ್ಲಿ ಕೂತು ತೂಗಿಸಿಕೊಂಡವನಿಗೂ ತಕ್ಕಡಿ ಹಿಡಿಯುವುದು ಸುಲಭವಾಗಲಿಲ್ಲ.

ಹೊಸಬನೋ ಹಳಬನೋ ಎಂಬ ವಾದಕ್ಕೆ ಇಳಿಯುವ ಮುನ್ನ ಆ ತಂಡ ಎಷ್ಟು ದಿನ ಕಾಯಬಲ್ಲದು ಎಂದು ಕೇಳಬೇಕು. ಲೇಕರ್ಸ್‌ಗೆ ಕಾಯುವ ಅನುಕೂಲ ಇತ್ತು, ಷಾರ್ಲೆಟ್‌ಗೆ ಇರಲಿಲ್ಲ.