ತಮಗೊಂದು ನ್ಯಾಯ, ಪರರಿಗೊಂದು ನ್ಯಾಯ

ಇಸ್ರೇಲಿನ ಭದ್ರತೆಯ ಚರ್ಚೆಯಲ್ಲಿ ನ್ಯಾಯದ ಅಳತೆಗೋಲು ಎಷ್ಟು ಬೇಗ ಬದಲಾಗುತ್ತದೆ ಎಂಬುದಕ್ಕೆ 1975ರ ಒಂದು ಪ್ರಸಂಗ ಸಾಕ್ಷಿ.

ಅಕ್ಟೋಬರ್ 1ರಂದು ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್, ಇಸ್ರೇಲ್ ರಾಷ್ಟ್ರವೇ ಅಳಿಯಬೇಕೆಂದು ವಿಶ್ವಸಂಸ್ಥೆಯಲ್ಲಿ ಕರೆ ಕೊಟ್ಟರು. 1972ರಲ್ಲಿ ತಮ್ಮ ದೇಶದ ಏಷ್ಯನ್ನರಿಗೆ, ಅವರಲ್ಲಿ ಬಹುಪಾಲು ಭಾರತೀಯ ಮೂಲದವರಿಗೆ, 90 ದಿನಗಳ ಗಡುವು ಕೊಟ್ಟು ಹೊರದಬ್ಬಿದವರೂ ಇವರೇ!

ನವೆಂಬರ್ 10ರಂದು ಮಹಾಸಭೆಯು, ಯಹೂದಿಗಳ ರಾಷ್ಟ್ರವಾದವಾದ ಜಿಯೋನಿಸಂ ಜನಾಂಗಭೇದದ ಒಂದು ರೂಪವೆಂದು 72–35 ಮತಗಳಿಂದ ಸಾರಿತು. 32 ರಾಷ್ಟ್ರಗಳು ತಟಸ್ಥವಾಗಿದ್ದವು. ಭಾರತ ನಿರ್ಣಯದ ಪರ ಮತ ಹಾಕಿತು. ಇಸ್ರೇಲಿನ ಪ್ರತಿನಿಧಿ ಹೈಮ್ ಹೆರ್ಜೋಗ್ ಅದರ ಪ್ರತಿಯನ್ನು ವೇದಿಕೆಯಲ್ಲೇ ಹರಿದುಹಾಕಿದರು.

ಇಸ್ರೇಲ್ 1967ರಲ್ಲಿ ಆಕ್ರಮಿಸಿದ ನೆಲ, ಪ್ಯಾಲೆಸ್ಟೀನ್ ನಿರಾಶ್ರಿತರ ಬವಣೆ ಇವೆಲ್ಲ ನಿಜವಾದ ದೂರುಗಳು. ಆದರೆ ಸರ್ಕಾರದ ತಪ್ಪಿಗೆ ಒಂದು ಜನತೆಯ ರಾಷ್ಟ್ರಭಾವನೆಗೇ ಮಸಿ ಬಳಿಯುವುದು ಯಾವ ನ್ಯಾಯ?

1991ರ ಡಿಸೆಂಬರ್ 16ರಂದು ಮಹಾಸಭೆ 111–25 ಮತಗಳಿಂದ ಆ ನಿರ್ಣಯವನ್ನು ರದ್ದುಮಾಡಿತು. ಭಾರತ ಈ ಸಲ ರದ್ದತಿಯ ಪರ ನಿಂತಿತು. 1992ರ ಜನವರಿಯಲ್ಲಿ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು.

ನಿರ್ಣಯ ಹೋಯಿತು, ಪೂರ್ವಗ್ರಹ ಉಳಿಯಿತು. ಇಸ್ರೇಲನ್ನು ಟೀಕಿಸಿದವರೆಲ್ಲ ಯಹೂದಿ ದ್ವೇಷಿಗಳು ಎನ್ನುವವರೂ ಇದ್ದಾರೆ. ಇಸ್ರೇಲ್ ಸರ್ಕಾರದ ಕೃತ್ಯಕ್ಕೆ ಯಹೂದಿಗಳೆಲ್ಲ ಹೊಣೆ ಎನ್ನುವವರೂ ಇದ್ದಾರೆ. ಇಬ್ಬರ ಕೈಯಲ್ಲಿರುವುದೂ ಅದೇ ಸೊಟ್ಟ ಅಳತೆಗೋಲು.